ಅಪ್ರದಕ್ಷಿಣೆ

ಪೋರ್ತೊ ಊರಿನ ಇಳಿಜಾರು ಬೀದಿಯಲ್ಲಿ
ಅನ್ಸೆಲ್ಮೊ ತಾವೊರಾನ ನಾಣ್ಯದಂಗಡಿ.
ನಾನಲ್ಲಿ ಚೀಟಿ ಬರೆಯುವವಳು.
ತೂಕ, ಸುತ್ತಳತೆ, ಇಸವಿ, ಟಂಕಸಾಲೆ,
ಆಮೇಲೆ ಎರಡು ಖಾನೆ:
ಎಷ್ಟು ಅಪರೂಪ? ಎಷ್ಟು ಸವೆದಿದೆ?
ಯಾವ ಹೊನ್ನಿನ ಹಣೆಬರಹವೂ
ಈ ಎರಡು ಖಾನೆ ದಾಟುವುದಿಲ್ಲವೆಂದು
ಅನ್ಸೆಲ್ಮೊ ಹೇಳುತ್ತಾನೆ,
ಬಾಗಿಲು ತೆಗೆಯುವಾಗೊಮ್ಮೆ, ಕಾಫಿಯ ಹೊತ್ತಿಗೊಮ್ಮೆ.

ಅವನ ಪ್ರಕಾರ ಒಳ್ಳೆಯ ನಾಣ್ಯವೆಂದರೆ
ಅಚ್ಚಿನಿಂದ ಬಿದ್ದದ್ದೇ ಚೀಲ ಸೇರಿ,
ಚೀಲದಿಂದ ಪೆಟ್ಟಿಗೆ, ಪೆಟ್ಟಿಗೆಯಿಂದ ಗೋಡೆಯೊಳಕ್ಕೆ,
ಮುನ್ನೂರು ವರ್ಷ ಒಂದು ರೊಟ್ಟಿಯನ್ನೂ ಕೊಳ್ಳದೆ
ಮಲಗಿದ್ದು. ರಾಜನ ಚೌರಿಯ ಸುರುಳಿ
ಒಂದೊಂದೂ ಎಣಿಕೆಗೆ ಸಿಗಬೇಕು.
ಜಿಪುಣರಿಗೆ ನಾವು ಋಣಿಗಳು, ಅನ್ನುತ್ತಾನೆ,
ಟೋಪಿ ತೆಗೆದು.

ಫೆಬ್ರವರಿಯ ಒಂದು ಮಂಗಳವಾರ
ವಿಯಾನಾ ಕಡೆಯ ಬಸ್ಸಿಳಿದು ಬಂದಳು
ದೆಯೊಲಿಂಡಾ ಸೆರ್ಕೇರಾ.
ಕೊರಳಪಟ್ಟಿಯೊಳಗಿಂದ ದಾರ ಎಳೆದಳು,
ಬಾವಿಯಿಂದ ಹಗ್ಗ ಎಳೆದಂತೆ.
ತುದಿಯಲ್ಲಿ ನಾಣ್ಯ,
ಮೈಯ ಬಿಸಿ ಇನ್ನೂ ಆರದ್ದು.

ಅನ್ಸೆಲ್ಮೊ ಮಸೂರ ಹಿಡಿದ.
ಅವನ ಉಸಿರು ನಿಂತದ್ದು ನನಗೆ ಕೇಳಿಸಿತು.
ಇಸವಿಯ ಕೊನೆಯ ಎರಡಕ್ಕೆ ಬಾಲವಿಲ್ಲ.
ಬಾಲವಿಲ್ಲದ ಎರಡು!
ಆ ಅಚ್ಚು ಒಂದೇ ವಾರ ಬಾಳಿ ಬಿರಿಯಿತಂತೆ.
ಅವನು ಬಲ್ಲಂತೆ ಭೂಮಿಯ ಮೇಲೆ ಇಂಥವು ನಾಲ್ಕು:
ಒಂದು ಲಿಸ್ಬನ್ನಿನ ಬ್ಯಾಂಕಿನಲ್ಲಿ,
ಒಂದು ಯಾರೋ ಹಲ್ಲಿನ ಡಾಕ್ಟರ ಬಳಿ,
ಎರಡು ಬರೀ ಬಾಯಿಮಾತಿನಲ್ಲಿ.
ಇದು ಐದನೆಯದು.

ಆಮೇಲೆ ನಾಣ್ಯವನ್ನು ತುಸು ವಾಲಿಸಿದ.
ಬೆಳಕು ಜಾರಿತು, ಅವನ ಮುಖವೂ.
ನೆತ್ತಿಯಲ್ಲಿ ಬೆಸೆದ ಕೊಂಡಿ,
ಮೈತುಂಬ ಕೂದಲೆಳೆಯ ಗೀರು.
"ತೊಳೆದಿದ್ದೀರಿ."
"ಮತ್ತೆ, ತೊಳೆಯದೆ?" ಅಂದಳು,
ಎಂಜಲು ತಟ್ಟೆಯಲ್ಲಿ ಬಡಿಸಿದೆ ಅಂತ ಯಾರೋ ದೂರಿದ ಹಾಗೆ.
"ಮನೆಯ ಪ್ರತಿ ಮದುವೆಯ ಹಿಂದಿನ ಸಂಜೆ
ಬೂದಿ, ನಿಂಬೆ, ಉಣ್ಣೆಯ ಚೂರು.
ಹನ್ನೊಂದು ಮದುಮಗಳಂದಿರ ಎದೆಯ ಮೇಲೆ ಹೊಳೆದಿದೆ ಇದು.
ಮಾಸಿದ ಚಿನ್ನ ತೊಟ್ಟು ಇಗರ್ಜಿಗೆ ಯಾರು ಹೋಗುತ್ತಾರೆ?"

ಕಾಗದದ ಮೇಲೆ ಅವನೊಂದು ಮೊತ್ತ ಬರೆದ.
ತೊಳೆಯದಿದ್ದರೆ ಎಷ್ಟಿತ್ತು?
ಅದೇ ಮೊತ್ತದ ಕೊನೆಗೆ
ಒಂದು ಸೊನ್ನೆ ಸುತ್ತಿದ.
ಅವಳು ಆ ಸೊನ್ನೆಯನ್ನೇ ನೋಡುತ್ತ ಕೂತಳು,
ಕೊಡದ ತೂತನ್ನು ನೋಡುವಂತೆ.

ಚೀಟಿ ಬರೆಯಲು ನಾಣ್ಯ ನನ್ನ ಕೈಗೆ ಬಂತು.
ಮಸೂರದ ಕೆಳಗೆ ಗೀರುಗಳು
ರಾಜನ ಕೆನ್ನೆಯಿಂದ ಹೊರಟು, ಮೂಗು ಬಳಸಿ,
ಒಂದೂ ತಪ್ಪದೆ ಅಪ್ರದಕ್ಷಿಣೆ ಸುತ್ತಿದ್ದವು.
"ನಿಮ್ಮ ಮನೆಯಲ್ಲಿ ಎಡಚರು ಯಾರಾದರೂ...?"

ತಟ್ಟನೆ ತಲೆಯೆತ್ತಿದಳು.
"ಅಜ್ಜಿ. ಉಜ್ಜುತ್ತಿದ್ದವಳು ಅವಳೇ.
ಶಾಲೆಯಲ್ಲಿ ಆ ಕೈಯನ್ನು ಬೆನ್ನ ಹಿಂದೆ ಕಟ್ಟುತ್ತಿದ್ದರಂತೆ."
ಕೊಡಿ ಇಲ್ಲಿ, ಅಂದಳು.
ಬಹಳ ಹೊತ್ತು ನೋಡಿದಳು,
ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು.

ಕತೆಯಾಗಿದ್ದರೆ
ನಾಣ್ಯ ಮರಳಿ ಕೊರಳಿಗೇರುತ್ತಿತ್ತು.
ಗಂಡನ ದೋಣಿಯ ಎಂಜಿನ್ನು
ಡಿಸೆಂಬರಿನಿಂದ ಬಿಚ್ಚಿಬಿದ್ದಿತ್ತು.
ಮಾರಿದಳು. ನೋಟು ಎರಡು ಸಲ ಎಣಿಸಿದಳು.
ಕೊಂಡಿಯನ್ನು ಮಾತ್ರ ಕತ್ತರಿಸಿ ಕೊಡಿ, ಅಂದಳು,
ಚಿಟಿಕೆಗೂ ಸಿಗದಷ್ಟು ಚಿನ್ನ.
ಅನ್ಸೆಲ್ಮೊ ಅದನ್ನು ತೂಗಲಿಲ್ಲ.
ಕರವಸ್ತ್ರದ ಮೂಲೆಗೆ ಗಂಟು ಹಾಕಿ
ನಾಲ್ಕೂವರೆಯ ಬಸ್ಸಿಗೆ ಓಡಿದಳು.

ನಾನು ಬರೆದೆ: ಅಪರೂಪ, ಐದರಲ್ಲಿ ಒಂದು.
ಸ್ಥಿತಿ: ಕೊಂಡಿ ತೆಗೆದ ಗುರುತು. ಉಜ್ಜಿದ್ದು. ಎಡಗೈಯಿಂದ.
ಕೊನೆಯ ಮಾತನ್ನು ಅನ್ಸೆಲ್ಮೊ
ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ.
ಗಿರಾಕಿಗೆ ಇದು ಬೇಡ, ಅಂದ.

ಈಗ ಜಿನೀವಾದಿಂದ ಗಿರಾಕಿಯ ಕಾಗದ ಬಂದಿದೆ.
ನಾಣ್ಯ ಪೆಟ್ಟಿಗೆಯಲ್ಲಿ ಕ್ಷೇಮ,
ಇನ್ನು ಯಾರ ಬೆರಳೂ ತಾಗದು.
ಒಂದೇ ಒಂದು ಪ್ರಶ್ನೆ:
ಗೀರುಗಳೇಕೆ ಉಲ್ಟಾ ಹೋಗಿವೆ?

ಉತ್ತರ ನೀನೇ ಬರಿ, ಎಂದು
ಅನ್ಸೆಲ್ಮೊ ಕಾಗದವನ್ನು ನನ್ನತ್ತ ಸರಿಸಿದ್ದಾನೆ.
ಮೂರು ದಿನವಾಯಿತು.
ಅಜ್ಜಿಯ ಹೆಸರು
ಕೇಳಿಕೊಂಡಿರಲಿಲ್ಲ ನಾನು.